ಕೋಟೆ ಗಿರವಿಗೆ, ತೋಪು ಬಾಕಿಗೆ: ಸವಣೂರ ನವಾಬರ ಸಾಲದ ಕತೆ

ಶಿಗ್ಗಾಂವ: ಬಂಕಾಪುರದ ಕೋಟೆ ಅಂದರೆ ಈಗಿನ ಮಂದಿಗೆ ನವಿಲು ನೆನಪಾಗುತ್ತವೆ. ಸ್ವಲ್ಪ ಓದಿದವರಿಗೆ ಒಳಗಿನ ನಗರೇಶ್ವರ ಗುಡಿ, ಅದರ ಕಂಬಗಳು ನೆನಪಾಗುತ್ತವೆ. ಹಾವೇರಿ ಬಸ್ಸಿನಲ್ಲಿ ಕೂತು ದಿನಾ ಆ ಕಡೆ ಹಾಯುವವರಿಗೆ ಅದೂ ನೆನಪಾಗುವುದಿಲ್ಲ, ಬಿಡಿ. ಆದರೆ ಈ ಕೋಟೆಗೆ ಇನ್ನೊಂದು ಚರಿತ್ರೆ ಐತಿ. ಬಡವ ಹೆಂಡತಿಯ ಬಿಲವಾರ ಒಯ್ದು ಸಾವಕಾರನ ಪೆಟ್ಟಿಗೆಯಲ್ಲಿ ಇಡುತ್ತಾನಲ್ಲ, ಹಾಗೆ ಈ ಇಡೀ ಕೋಟೆ ಒಂದು ಕಾಲಕ್ಕೆ ಸಾಲಕ್ಕೆ ಗಿರವಿ ಬಿದ್ದಿತ್ತು. ಸನ್ 1756. ಗಿರವಿ ಇಟ್ಟವರು ಸವಣೂರ ನವಾಬ ಅಬ್ದುಲ್ ಹಕೀಮ್ ಖಾನರು. ಹಿಡಿದುಕೊಂಡವರು ಮಲ್ಹಾರರಾವ್ ಹೋಳ್ಕರ್. ಬಾಕಿ ಹನ್ನೊಂದು ಲಕ್ಷ ರೂಪಾಯಿಯದು.

ಹನ್ನೊಂದು ಲಕ್ಷ ಇವತ್ತು ಒಂದು ಸಾದಾ ಮನೆ ಕಟ್ಟಿಸಲಿಕ್ಕೂ ಸಾಲದು. ಆಗ ಅದು ಒಂದು ಸಂಸ್ಥಾನದ ಬೆನ್ನೆಲುಬು ಮುರಿಯುವ ರಕಮು. ಸವಣೂರಿನ ಬೆನ್ನೆಲುಬು ಮುರಿದದ್ದೂ ಅಲ್ಲಿಂದಲೇ.

ಈ ನವಾಬರ ಮನೆತನ ಮಿಯಾನಾ ಪಠಾಣರದು. ಬಿಜಾಪುರದ ಆದಿಲಶಾಹಿಯಲ್ಲಿ ದೊಡ್ಡ ಸರದಾರರಾಗಿದ್ದವರು. 1686ರಲ್ಲಿ ಬಿಜಾಪುರ ಔರಂಗಜೇಬನ ಕೈಗೆ ಹೋದ ಮೇಲೆ ಅಬ್ದುಲ್ ರೌಫ್ ಖಾನರು ದಿಲ್ಲಿ ಕಡೆ ಸೇರಿ ಬಂಕಾಪುರ ಸೀಮೆಯ ಜಹಗೀರು ಪಡೆದರು. ಮೊದಲು ಬಂಕಾಪುರದಾಗ ಇದ್ದರು, ಆಮೇಲೆ ಸವಣೂರು ಕಟ್ಟಿಕೊಂಡು ಅಲ್ಲಿಗೆ ಹೋದರು. ಹುಬ್ಬಳ್ಳಿ, ಕುಂದಗೋಳ, ಮಿಶ್ರಿಕೋಟಿ ಎಲ್ಲಾ ಅವರ ಕೈಯೊಳಗಿದ್ದ ಕಾಲ ಅದು. ಎರಡು ಮೂರು ತಲೆಮಾರು ಕೂಡಿಸಿದ ಆಸ್ತಿ ಸವಣೂರ ಅರಮನೆಯಲ್ಲಿತ್ತು. ಆನೆ, ಒಂಟೆ, ಮಖಮಲ್ಲಿನ ಡೇರೆ, ರತ್ನಗಂಬಳಿ, ಬುರ್ಹಾನಪುರದ ಜರತಾರಿ ಬಟ್ಟೆ, ತೋಪು, ಬಂದೂಕು. ರೊಕ್ಕ ಮಾತ್ರ ಕಮ್ಮಿ. ದೊಡ್ಡ ಮನೆತನಗಳ ಹಣೆಬರಹ ಬಹಳ ಸಲ ಹೀಗೇ ಇರುತ್ತದೆ. ಅಟ್ಟದ ಮೇಲೆ ಹಿತ್ತಾಳಿ ತಾಮ್ರದ ರಾಶಿ, ಗಲ್ಲೆಯಲ್ಲಿ ಚಿಲ್ಲರ ಇಲ್ಲ.

ಅಬ್ದುಲ್ ಹಕೀಮ್ ಖಾನರ ತಂದೆ ಅಬ್ದುಲ್ ಮಜೀದ್ ಖಾನರ ಕಾಲಕ್ಕೇ ಪುಣೆಯ ಪೇಶ್ವೆಗಳ ಕಾಟ ಶುರುವಾಗಿತ್ತು. 1747ರಲ್ಲಿ ಸದಾಶಿವರಾವ್ ಭಾವೂ ದಂಡು ತಗೊಂಡು ಬಂದು ಸೀಮೆಯ ದೊಡ್ಡ ಪಾಲು ಬರೆಸಿಕೊಂಡು ಹೋದ. ಮುಂದೆ ಕರ್ನೂಲು, ಕಡಪಾ, ಸವಣೂರು ಈ ಮೂರೂ ಊರಿನ ಪಠಾಣ ನವಾಬರು ಹೈದರಾಬಾದಿನ ಗಾದಿಯ ಜಗಳದಲ್ಲಿ ಕೈ ಹಾಕಿದರು. 1750ರ ಕೊನೆಗೆ ನಾಸಿರ್ ಜಂಗ ಸತ್ತ. ಎರಡು ತಿಂಗಳಲ್ಲೇ, 1751ರಲ್ಲಿ, ರಾಯಚೋಟಿ ಹತ್ತಿರ ಮುಜಫ್ಫರ್ ಜಂಗನೂ ಸತ್ತ. ಆ ಹೊಡೆದಾಟದಲ್ಲೇ ಮಜೀದ್ ಖಾನರೂ ಬಿದ್ದರು. ಹಕೀಮ್ ಖಾನರಿಗೆ ಗಾದಿ ಬಂತು. ಅದರ ಜೋಡಿ ಕತ್ತರಿಸಿದ ಸೀಮೆ, ದುಡ್ಡಿಲ್ಲದ ಖಜಾನೆ, ಪುಣೆಯ ಕಣ್ಣು ಇವೂ ಬಂದವು.

ಇನ್ನು 1756ರ ಹನ್ನೊಂದು ಲಕ್ಷ. ಇದು ನವಾಬರು ಕುಡಿದು, ಕುಣಿದು ಮಾಡಿದ ಸಾಲ ಅಲ್ಲ. ಮುಜಫ್ಫರ್ ಖಾನ ಅಂತ ಒಬ್ಬ ಗಾರ್ದಿ ಸರದಾರನಿದ್ದ. ಫ್ರೆಂಚರ ಕವಾಯತು ಕಲಿತ ಪಾಯದಳ, ತೋಪು ಎಲ್ಲಾ ಅವನ ಕೈಯಲ್ಲಿ. ಪೇಶ್ವೆಯ ಚಾಕರಿಯಲ್ಲಿದ್ದವ ಜಗಳ ಮಾಡಿಕೊಂಡು ಬಿಟ್ಟು ಬಂದು ಸವಣೂರ ಸೇರಿದ. ಅವನನ್ನು ಒಪ್ಪಿಸಬೇಕೆಂದು ಪುಣೆಯಿಂದ ಹೇಳಿ ಕಳಿಸಿದರು. ಮನೆಗೆ ಬಂದವನನ್ನು ಬಿಟ್ಟುಕೊಡಲು ನವಾಬರು ಒಪ್ಪಲಿಲ್ಲ. ಗುತ್ತಿಯ ಮುರಾರಿರಾವ್ ಘೋರ್ಪಡೆ ಸಹ ನವಾಬರ ಕಡೆ ನಿಂತ.

ಬಾಳಾಜಿ ಬಾಜೀರಾವ್ ಪೇಶ್ವೆ ಸ್ವತಃ ಹೊರಟು ಬಂದ. ಅಷ್ಟೇ ಅಲ್ಲ, ಹೈದರಾಬಾದಿನ ಸಲಾಬತ್ ಜಂಗನನ್ನೂ ಕರೆಸಿದ. ಅವನ ಹಿಂದೆ ಫ್ರೆಂಚ್ ಸೇನಾಪತಿ ಬುಸ್ಸಿ, ಬುಸ್ಸಿಯ ಹಿಂದೆ ಅವನ ತೋಪಖಾನೆ. ಸವಣೂರಂಥ ಊರಿಗೆ ಇಷ್ಟು ದೊಡ್ಡ ದಂಡು ಅಂದರೆ ಇಲಿ ಹಿಡಿಯಲು ಗುಡ್ಡ ಅಗೆದಂಗ. ಬುಸ್ಸಿಯ ತೋಪು ಬಾಯಿ ತೆರೆದ ಮೇಲೆ ಪಠಾಣರ ಕುದುರೆ, ಕತ್ತಿ ಏನು ಮಾಡ್ಯಾವು? ನವಾಬರು ಶರಣು ಬಂದರು.

ದಂಡ ಹನ್ನೊಂದು ಲಕ್ಷ ಅಂತ ಠರಾಯಿತು. ಕೈಯಲ್ಲಿ ಅಷ್ಟು ರೊಕ್ಕ ಇಲ್ಲ. ಸೀಮೆಯಲ್ಲಿ ಒಂದಿಷ್ಟು ಬಿಟ್ಟುಕೊಟ್ಟರು, ಬಂಕಾಪುರ ಕೋಟೆಯನ್ನು ಹೋಳ್ಕರರಿಗೆ ಗಿರವಿ ಕೊಟ್ಟರು. ಅಜ್ಜನ ಕಾಲದಿಂದ ಮನೆತನದ ಮೊದಲ ನೆಲೆ ಅದು. ಸವಣೂರು ಬಯಲ ಮೇಲಿನ ಊರು, ಕಾಲ ಬಂದರೆ ಹಿಂದೆ ಸರಿದು ನಿಲ್ಲಲು ಬಂಕಾಪುರವೇ ಗಟ್ಟಿ ಜಾಗಾ. ಅದನ್ನೇ ಕೊಟ್ಟು ಕೈ ಬರಿದು ಮಾಡಿಕೊಂಡರು. ಯಾವನಿಗಾಗಿ ಇಷ್ಟೆಲ್ಲಾ ಆಯಿತೋ ಆ ಮುಜಫ್ಫರ್ ಖಾನ ಮುಂದೆ ಮತ್ತೆ ಪೇಶ್ವೆಯ ಚಾಕರಿಗೇ ಹೋದ, 1759ರಲ್ಲಿ ಭಾವೂನ ಕೊಲೆಗೆ ಸಂಚು ಮಾಡಿ ಸಿಕ್ಕು ತಲೆ ಕಳಕೊಂಡ. ಜಾಮೀನು ನಿಂತವರ ಪಾಡು ಗೊತ್ತಿದ್ದವರಿಗೆ ಇದರಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ.

ಏಳೆಂಟು ವರ್ಷ ಹೇಗೋ ಹೋಯಿತು. 1761ರಲ್ಲಿ ಪಾಣಿಪತದಲ್ಲಿ ಮರಾಠರು ಸೋತರು, ಆ ಸಂಕಟದಲ್ಲೇ ಬಾಳಾಜಿ ಬಾಜೀರಾವ್ ತೀರಿಕೊಂಡ. ಉತ್ತರದ ಭಯ ಸ್ವಲ್ಪ ಕಡಿಮೆ ಆಯಿತು ಅನ್ನುವುದರೊಳಗೆ ದಕ್ಷಿಣದಿಂದ ಇನ್ನೊಬ್ಬ ಎದ್ದ. ಮೈಸೂರಿನ ಹೈದರಲಿ. 1763ರಲ್ಲಿ ಬಿದನೂರು ಹಿಡಿದು ಅಲ್ಲಿಯ ಖಜಾನೆಗೆ ಕೈ ಇಟ್ಟ ಮೇಲೆ ಅವನ ಕಾಲು ನೆಲದ ಮೇಲೆ ನಿಲ್ಲದಾಯಿತು. ಬಿದನೂರಿನ ಗಡಿ ದಾಟಿದರೆ ಸವಣೂರ ಸೀಮೆ. ತನ್ನ ಕಡೆ ಸೇರು ಅಂತ ನವಾಬರಿಗೆ ಹೇಳಿ ಕಳಿಸಿದ. ನವಾಬರು ಪುಣೆಯ ಸಂಬಂಧ ಬಿಡಲಿಲ್ಲ. ಪುಣೆಯವರು ಕೋಟೆ ಗಿರವಿ ಹಿಡಿದವರು ಹೌದು, ಆದರೂ ಪರಿಚಯದ ಸಾವಕಾರ. ಹೊಸ ಸಾವಕಾರ ಹೇಗೋ ಏನೋ.

ಹೈದರ ಬಂದೇಬಿಟ್ಟ. ಸವಣೂರ ಪಠಾಣರ ಕುದುರೆದಳ ಆ ಕಾಲಕ್ಕೆ ಹೆಸರಾದದ್ದು. ಧೈರ್ಯಕ್ಕೇನೂ ಕಮ್ಮಿ ಇರಲಿಲ್ಲ. ನುಗ್ಗಿದರು. ಹೈದರ ಹಿಂದೆ ಸರಿದಂತೆ ಮಾಡಿ ಬಲೆಯೊಳಗೆ ಎಳೆದುಕೊಂಡ. ಸೋತು ಊರ ಬಾಗಿಲಿನ ತನಕ ಓಡಿ ಬರಬೇಕಾಯಿತು. ಈ ಸಲದ ದಂಡ ಎರಡು ಲಕ್ಷ ರೂಪಾಯಿ. ಹಿಂದಿನ ಹನ್ನೊಂದರ ಮುಂದೆ ಇದು ಸಣ್ಣದು. ಆದರೆ ಹನ್ನೊಂದು ಕೊಟ್ಟವನ ಮನೆಯಲ್ಲಿ ಎರಡು ಹುಟ್ಟುವುದೂ ಕಷ್ಟ. ನವಾಬರ ಖಜಾನೆಯಲ್ಲಿ ನಗದು ಇರಲಿಲ್ಲ.

ಆಗ ನಡೆದದ್ದು ನಮ್ಮ ಪೇಟೆಯವರು ಸರಿಯಾಗಿ ತಿಳಕೊಳ್ಳಬೇಕಾದ ವ್ಯವಹಾರ. ರೊಕ್ಕದ ಬದಲು ಸಾಮಾನು ಕೊಡುವುದು ಅಂತ ಮಾತಾಯಿತು. ಅರಮನೆಯ ಬಾಗಿಲು ತೆಗೆದರು. ಶಾಲು, ರೇಷ್ಮೆ, ಮಲ್ಮಲ್ಲು, ಜರತಾರಿ ಬಟ್ಟೆಯ ಗಂಟುಗಳು ಹೊರಬಂದವು. ಗಂಬಳಿ, ಡೇರೆ ಬಂದವು. ಆನೆ, ಒಂಟೆ ಬಂದವು. ಕೊನೆಗೆ ತೋಪು, ಬಂದೂಕು, ಯುದ್ಧದ ಸಾಮಾನು ಸಹ ಬಂದವು. ಹೈದರಲಿಯ ಚರಿತ್ರೆ ಬರೆದ ಕಿರ್ಮಾನಿಯೂ, ಇಂಗ್ಲೀಷಿನಲ್ಲಿ ಮೈಸೂರ ಇತಿಹಾಸ ಬರೆದ ವಿಲ್ಕ್ಸ್ ಸಾಹೇಬನೂ ಈ ಸಂಗತಿ ಹೇಳಿದ್ದಾರೆ. ತಲೆತಲಾಂತರದಿಂದ ಕೂಡಿಸಿಟ್ಟದ್ದು ಒಂದೇ ಸಾರಿ ಹೊರಬಿತ್ತು.

ಬೆಲೆ ಕಟ್ಟಿದವರು ಯಾರು? ತಗೊಳ್ಳುವವರೇ. ಅಲ್ಲೇ ಇದ್ದದ್ದು ಮರ್ಮ. ನಿಜವಾದ ಬೆಲೆಗಿಂತ ಬಹಳ ಕೆಳಗೆ ಹಿಡಿದರು. ಎರಡು ಲಕ್ಷದ ಬಾಕಿ ತೀರಿತು ಅಂತ ಖಾತೆಗೆ ಗೆರೆ ಎಳೆದರು, ಆದರೆ ಸವಣೂರಿನಿಂದ ಹೋದ ಮಾಲು ಎರಡು ಲಕ್ಷದ್ದಲ್ಲ, ಅದರ ಎಷ್ಟೋ ಪಾಲು ಹೆಚ್ಚಿನದು. ಇಂದಿಗೂ ಲಿಲಾವಿನಲ್ಲಿ ನಡೆಯುವುದು ಬೇರೆ ಏನು? ಅಡಚಣಿ ಇದ್ದವನ ಎತ್ತಿಗೆ ಸಂತೆಯಲ್ಲಿ ಹಲ್ಲು ಇರುವುದಿಲ್ಲ, ಅವನ ಬಂಗಾರಕ್ಕೆ ಕಸರು ಹೆಚ್ಚು. ಮಾರುವವನಿಗೆ ಅವಸರ ಐತಿ ಅಂತ ಗೊತ್ತಾದ ಕ್ಷಣದಿಂದ ತಕ್ಕಡಿ ಒಂದೇ ಕಡೆ ಬಾಗುತ್ತದೆ.

ಬಟ್ಟೆ, ಗಂಬಳಿ ಹೋದರೆ ಹೋಯಿತು. ಮೈಮೇಲಿನ ಶಾಲು ಇಲ್ಲದೆ ನವಾಬಗಿರಿ ನಡೆದೀತು. ಆದರೆ ಆನೆ, ಒಂಟೆ, ಡೇರೆ, ತೋಪು ಇವು ಬರೇ ಶೋಕಿಯ ಸಾಮಾನು ಅಲ್ಲ. ಆಗಿನ ದಿನಮಾನದಲ್ಲಿ ದಂಡು ಹೊರಡಬೇಕಾದರೆ ತೋಪು ಎಳೆಯಲು, ಡೇರೆ ಹೊರಲು ಇವೇ ಬೇಕು. ಖಂಡಣಿ ವಸೂಲಿಗೆ ಹಳ್ಳಿಗೆ ಹೋದ ಸರದಾರನ ಹಿಂದೆ ಒಂದು ತೋಪು ಇದ್ದರೆ ದೇಸಾಯಿ ಬೇಗ ಬಾಗಿಲು ತೆಗೆಯುತ್ತಾನೆ. ತೋಪು ಇಲ್ಲದವನಿಗೆ ನಾಳೆ ಬಾ ಅಂತಾನೆ. ಅಂದರೆ ಬಾಕಿ ತೀರಿಸಲು ನವಾಬರು ಕೊಟ್ಟದ್ದು ದುಡಿಯುವ ಎತ್ತು. ಅಂಗಡಿಕಾರ ಉದ್ರಿ ತೀರಿಸಲು ತಕ್ಕಡಿಯನ್ನೇ ಮಾರಿದರೆ ಮರುದಿನ ಏನು ತೂಗಬೇಕು?

ಆ ವರ್ಷವೇ ಇನ್ನೊಂದು ಆಟ ನಡೆಯಿತು. ಪುಣೆಯ ಹೊಸ ಪೇಶ್ವೆ ಮಾಧವರಾವ್, ಇನ್ನೂ ಇಪ್ಪತ್ತರ ಹುಡುಗ, ಹೈದರಲಿಯ ಮೇಲೆ ದಂಡೆತ್ತಿ ಬಂದ. 1764ರ ಮೇ ತಿಂಗಳಲ್ಲಿ ನಮ್ಮ ರಟ್ಟಿಹಳ್ಳಿ ಹತ್ತಿರ ಹೈದರನನ್ನು ಸೋಲಿಸಿದ. ಹಿರೇಕೆರೂರಿನವರು ಈ ಮಾತು ಹೆಮ್ಮೆಯಿಂದ ಹೇಳಬಹುದು, ಹೈದರಲಿಗೆ ಅಂಥ ಏಟು ಬಹಳ ಜಾಗಾದಲ್ಲಿ ಬಿದ್ದಿಲ್ಲ. 1765ರ ಒಪ್ಪಂದದಲ್ಲಿ ಹೈದರ ಸವಣೂರಿನ ಮೇಲಿನ ಹಕ್ಕು ಬಿಟ್ಟ, ಪೇಶ್ವೆಗೆ ದೊಡ್ಡ ರಕಮು ಕೊಟ್ಟ. ಲಕ್ಷಗಟ್ಟಲೆ ರೂಪಾಯಿ ಪುಣೆಗೆ ಹೋಯಿತು. ಸವಣೂರ ತೋಪು ಸವಣೂರಿಗೆ ತಿರುಗಿ ಬಂದ ಬಗ್ಗೆ ಮಾತ್ರ ಯಾರೂ ಬರೆದಿಲ್ಲ.

ಮಾಧವರಾವ್ 1772ರಲ್ಲಿ ಸಣ್ಣ ವಯಸ್ಸಿನಲ್ಲೇ ಕ್ಷಯದಿಂದ ತೀರಿದ. ಪುಣೆಯಲ್ಲಿ ಮನೆಜಗಳ ಎದ್ದಿತು. ಹೈದರ ಕಾದು ಕೂತಿದ್ದವ ಮತ್ತೆ ಮೇಲೆ ಬಂದ. 1776ರಲ್ಲಿ ಬಂಕಾಪುರ ಹಿಡಿದ, ಸವಣೂರ ಸೀಮೆ ನುಂಗಿದ. ಈ ಸಲ ಕೇಳಿದರೆ ಕೊಡಲು ನವಾಬರ ಅರಮನೆಯಲ್ಲಿ ಗಂಟುಗಳಿಲ್ಲ. ಆದರೆ ಕೊಡುವಂಥದ್ದು ಇನ್ನೊಂದು ಉಳಿದಿತ್ತು. ಮನೆತನದ ಹೆಸರು.

ಹೈದರಲಿಯ ಹತ್ತಿರ ರೊಕ್ಕ ಇತ್ತು, ದಂಡು ಇತ್ತು, ರಾಜ್ಯ ಇತ್ತು. ಹಳೇ ಖಾನದಾನಿ ಸಂಬಂಧ ಬೇಕಾಗಿತ್ತು. ನಿನ್ನೆ ಮೊನ್ನೆ ಮೇಲೆ ಬಂದ ಸಾವಕಾರ ಹಳೇ ವಾಡೇದ ಹುಡುಗಿಯನ್ನು ಸೊಸೆ ಮಾಡಿಕೊಳ್ಳಲು ಹವಣಿಸುವುದು ನಮ್ಮ ಕಡೆ ಇಂದಿಗೂ ನೋಡುತ್ತೇವಲ್ಲ. 1779ರಲ್ಲಿ ಎರಡು ಲಗ್ನ ಆದವು. ನವಾಬರ ಹಿರಿಯ ಮಗನಿಗೆ ಹೈದರನ ಮಗಳು, ಹೈದರನ ಎರಡನೇ ಮಗ ಕರೀಮನಿಗೆ ನವಾಬರ ಮಗಳು. ಶ್ರೀರಂಗಪಟ್ಟಣದಲ್ಲಿ ಧೂಮಧಾಮ ನಡೆಯಿತು. ಬೀಗತನ ಆದ ಮೇಲೆ ಸೀಮೆಯಲ್ಲಿ ಅರ್ಧ ತಿರುಗಿ ಬಂತು.

ಪುಕ್ಕಟೆ ಅಲ್ಲ. ಒಂದು, ವರ್ಷಕ್ಕೆ ನಾಲ್ಕು ಲಕ್ಷ ಖಂಡಣಿ. ಎರಡು, ಎರಡು ಸಾವಿರ ಪಠಾಣ ಕುದುರೆಸವಾರರನ್ನು ನವಾಬರು ತಮ್ಮ ಖರ್ಚಿನಲ್ಲಿ ಸಾಕಿ ಹೈದರನ ಚಾಕರಿಗೆ ಕೊಡಬೇಕು, ಅವರ ಮುಂದಾಳಾಗಿ ನವಾಬರ ಮಕ್ಕಳೇ ಹೋಗಬೇಕು. ಹೊಸ ಸಾಲದ ಬೀಜ ಬಿತ್ತಿದ್ದು ಈ ಎರಡನೇ ಕಲಮಿನಲ್ಲಿ. ಒಂದು ಕುದುರೆ ಸಾಕುವುದು ಅಂದರೆ ದಿನಾ ಹುರುಳಿ, ಹುಲ್ಲು, ಲಾಳ, ಜೀನು, ಒಬ್ಬ ಚಾಕರ. ಸವಾರನ ಪಗಾರ ಬೇರೆ. ಕುದುರೆ ಸತ್ತರೆ ಹೊಸಾದು. ಅರ್ಧ ಸೀಮೆಯ ಹುಟ್ಟುವಳಿಯಲ್ಲಿ ನಾಲ್ಕು ಲಕ್ಷ ಮೊದಲೇ ಹೊರಗೆ ಹೋದ ಮೇಲೆ ಎರಡು ಸಾವಿರ ಕುದುರೆಯ ಬಾಯಿ ಯಾವುದರಿಂದ ತುಂಬಿಸಬೇಕು? 1780ರಲ್ಲಿ ಹೈದರ ಇಂಗ್ಲೀಷರ ಮೇಲೆ ಆರ್ಕಾಟಿಗೆ ಇಳಿದಾಗ ಸವಣೂರ ಪಠಾಣರೂ ಜೋಡಿ ಹೋದರು. ದೂರದ ಯುದ್ಧದಲ್ಲಿ ಮಂದಿಯೂ ಕುದುರೆಯೂ ಕರಗಿದವು. ಬರಬರುತ್ತಾ ದಳ ಎರಡು ಸಾವಿರದ ಹತ್ತಿರ ಸಹ ಉಳಿಯಲಿಲ್ಲ.

ಇಷ್ಟೆಲ್ಲಾ ಬಡತನದ ನಡುವೆಯೂ ಹಕೀಮ್ ಖಾನರ ಸವಣೂರು ಬರೇ ಕಣ್ಣೀರಿನ ಊರಾಗಿರಲಿಲ್ಲ. ಉತ್ತರಾದಿ ಮಠದ ಸತ್ಯಬೋಧತೀರ್ಥರು ಇದ್ದದ್ದು ಇವರ ಕಾಲದಲ್ಲೇ. ನವಾಬರು ಸ್ವಾಮಿಗಳಿಗೆ ಮರ್ಯಾದೆಯಿಂದ ನಡೆದುಕೊಂಡ ಮಾತು ಎರಡೂ ಕಡೆಯವರ ಬಾಯಲ್ಲಿ ಉಳಿದಿದೆ. 1783ರಲ್ಲಿ ಸ್ವಾಮಿಗಳ ವೃಂದಾವನ ಸವಣೂರಿನಲ್ಲೇ ಆಯಿತು. ಆರಾಧನೆಗೆ ಇವತ್ತಿಗೂ ದೂರದ ಊರಿಂದ ಮಂದಿ ಬರುತ್ತಾರೆ. ನವಾಬರ ಅರಮನೆಯ ವೈಭವ ನೋಡಲು ಬರುವವರಿಗಿಂತ ಈ ಮಂದಿಯೇ ಹೆಚ್ಚು ಅಂದರೆ ತಪ್ಪಾಗಲಾರದು.

1782ರ ಡಿಸೆಂಬರಿನಲ್ಲಿ ಹೈದರ ಸತ್ತ. ಗಾದಿ ಟಿಪ್ಪುವಿಗೆ. ಬೀಗರ ಮಗ, ಸೊಸೆಯ ಅಣ್ಣ, ಸ್ವಲ್ಪ ಸಡಲ ಬಿಟ್ಟಾನು ಅಂತ ಸವಣೂರಿನವರು ಆಶೆ ಇಟ್ಟಿದ್ದರೋ ಏನೋ. ಟಿಪ್ಪು ಹಳೇ ಕಾಗದ ತೆಗೆಸಿದ. ಎರಡು ಸಾವಿರ ಸವಾರರು ಎಲ್ಲಿ? ಕಡಿಮೆ ಬಿದ್ದ ಸವಾರರ ಖರ್ಚು ನವಾಬರಲ್ಲಿ ಉಳಿದಂಗಾಯಿತಲ್ಲ, ಅದನ್ನು ವರ್ಷವಾರು ಲೆಕ್ಕ ಹಾಕಿ ಹಿಂಬಾಕಿ ಅಂತ ಕಟ್ಟು ಅಂದ. ಖಂಡಣಿಯ ಬಾಕಿ ಅದರ ಮೇಲೆ. ವಸೂಲಿಗೆ ಮಂದಿಯನ್ನೂ ಕಳಿಸಿದ. ಕಾಗದದ ಮೇಲೆ ಟಿಪ್ಪುವಿನ ಮಾತು ಸರಿ ಅಂತ ಒಪ್ಪಬೇಕು. ಕರಾರಿನಲ್ಲಿ ಎರಡು ಸಾವಿರ ಅಂತಲೇ ಇತ್ತು. ಆದರೆ ಆ ಸವಾರರು ಕಡಿಮೆ ಆದದ್ದು ಬಹಳ ಮಟ್ಟಿಗೆ ಮೈಸೂರಿನ ಯುದ್ಧದಲ್ಲೇ ಅನ್ನುವುದನ್ನು ಲೆಕ್ಕ ಬರೆಯುವವ ಯಾವ ಕಾಲಮಿಗೆ ಹಾಕಬೇಕು?

ನವಾಬರು ಪುಣೆಯ ನಾನಾ ಫಡ್ನವೀಸನಿಗೆ ದೂರು ಕಳಿಸಿದರು. 1786ರಲ್ಲಿ ಮರಾಠರು, ನಿಜಾಮ ಒಂದಾಗಿ ಟಿಪ್ಪುವಿನ ಮೇಲೆ ಹೊರಟಾಗ ನವಾಬರು ಬೀಗತನ ಬದಿಗಿಟ್ಟು ಅವರನ್ನು ಸೇರಿದರು. ತುಕೋಜಿ ಹೋಳ್ಕರ್ ಸವಣೂರ ಕಡೆ ಬಂದ. ಮೂವತ್ತು ವರ್ಷದ ಹಿಂದೆ ಕೋಟೆ ಗಿರವಿ ಹಿಡಿದ ಹೋಳ್ಕರ್ ಮನೆತನದ ದಂಡೇ ಈಗ ಕಾಯಲು ಬಂತು. ಹರಿಪಂತ ಫಡ್ಕೆಯೂ ಕೂಡಿದ. ಟಿಪ್ಪು ಮಳೆಗಾಲದಲ್ಲಿ, ಹೊಳೆ ತುಂಬಿ ಹರಿಯುವಾಗ, ಹರಿಗೋಲು ತೆಪ್ಪ ಕಟ್ಟಿಸಿ ತುಂಗಭದ್ರಾ ದಾಟಿದ. ಈ ಹೊತ್ತಿನಲ್ಲಿ ಯಾರೂ ದಾಟಲಾರರು ಅಂತ ಮರಾಠರು ನಿಶ್ಚಿಂತೆಯಾಗಿದ್ದರು. ಸವಣೂರ ಸುತ್ತ ಅಕ್ಟೋಬರ ತನಕ ಜಟಾಪಟಿ ನಡೆಯಿತು. ಒಂದು ರಾತ್ರಿ ಟಿಪ್ಪು ಮರಾಠರ ಬೀಡಿನ ಮೇಲೆ ಬಿದ್ದ. ಅವರು ಹಿಂದೆ ಸರಿದರು. ನವಾಬರು ಊರು, ಅರಮನೆ ಬಿಟ್ಟು ಅವರ ಹಿಂದೆ ಹೊರಟು ಹೋದರು. ಮಗ ಅಬ್ದುಲ್ ಖೈರ್ ಖಾನ ಊರಲ್ಲೇ ಉಳಿದ.

ಟಿಪ್ಪು ಸವಣೂರು ಹೊಕ್ಕು ಉಳಿದದ್ದನ್ನು ಬಳಿದ. ಮೊಹರಂ ಬಂತು, ಬಂಕಾಪುರಕ್ಕೆ ಬಂದು ಬೀಡು ಬಿಟ್ಟ.

1787ರ ಒಪ್ಪಂದದಲ್ಲಿ ಸವಣೂರು ನವಾಬರಿಗೆ ತಿರುಗಿ ಕೊಡಬೇಕು ಅಂತ ಕಲಮು ಬಿತ್ತು. ಬಾದಾಮಿ, ನರಗುಂದ, ಕಿತ್ತೂರು ಮರಾಠರಿಗೆ ಹೋದವು. ಆದರೆ ಹಕೀಮ್ ಖಾನರಿಗೆ ಟಿಪ್ಪುವಿನ ಮಗ್ಗುಲಲ್ಲಿ ಹೋಗಿ ಕೂಡುವ ಧೈರ್ಯ ಆಗಲಿಲ್ಲ. ಪೇಶ್ವೆಯ ಆಸರೆಯಲ್ಲೇ ಉಳಿದರು. ತಿಂಗಳಿಗೆ ಹತ್ತು ಸಾವಿರ ರೂಪಾಯಿ ನೇಮಣೂಕ ಕಟ್ಟಿದರು. ಒಂದು ಕಾಲಕ್ಕೆ ತಮ್ಮದೇ ಸೀಮೆಯ ಹುಟ್ಟುವಳಿ ತಿಂದ ಮನೆತನ ಈಗ ಪಗಾರದ ದಾರಿ ಕಾಯಬೇಕಾಯಿತು. ನೌಕರಿ ಮಾಡುವವರಿಗೆ ಒಂದನೇ ತಾರೀಖಿನ ಹಣೆಬರಹ ಗೊತ್ತು. ಇನ್ನೊಬ್ಬನ ಖಜಾನೆಯಿಂದ ಬರುವ ನೇಮಣೂಕ ಅವನ ಮರ್ಜಿಯ ಮೇಲೆ.

ಅಬ್ದುಲ್ ಹಕೀಮ್ ಖಾನರು ತೀರಿದ ಮೇಲೆ ಈ ಗಂಟು ಬಿಡಿಸಿದ್ದು ಮಕ್ಕಳ ಕಾಲಕ್ಕೆ, ಅದೂ ಇಂಗ್ಲೀಷರ ಮಾತಿನಿಂದ. 1800ರಲ್ಲಿ ಧೋಂಡಿಯಾ ವಾಘನನ್ನು ಬೆನ್ನು ಹತ್ತಿದ ಆರ್ಥರ್ ವೆಲ್ಲೆಸ್ಲಿ, ಮುಂದೆ ನೆಪೋಲಿಯನ್ನನನ್ನು ಸೋಲಿಸಿದ ಅದೇ ವೆಲ್ಲಿಂಗ್ಟನ್ ಸಾಹೇಬ, ಸವಣೂರ ಮೇಲೆ ಹಾದು ಹೋದ. ಅವನ ಮಧ್ಯಸ್ತಿಕೆಯಿಂದ ಬಾಜೀರಾವ್ ಪೇಶ್ವೆ ನೇಮಣೂಕದ ಬದಲು ಇಪ್ಪತ್ತೈದು ಹಳ್ಳಿ ಬಿಟ್ಟುಕೊಟ್ಟ. ವರ್ಷದ ಹುಟ್ಟುವಳಿ 48 ಸಾವಿರ. ತಿಂಗಳಿಗೆ ಹತ್ತು ಸಾವಿರದಂತೆ ಹಿಡಿದರೆ ವರ್ಷಕ್ಕೆ ಒಂದು ಲಕ್ಷ ಇಪ್ಪತ್ತು ಸಾವಿರ ಆಗುತ್ತಿತ್ತು. ಅರ್ಧಕ್ಕಿಂತ ಕಡಿಮೆ ಆಯಿತು ಅನ್ನಬಹುದು. ಆದರೆ ಹಳ್ಳಿ ತಮ್ಮದು, ಕೇಳಲು ಪುಣೆಗೆ ಹೋಗಬೇಕಿಲ್ಲ.

ಬಂಕಾಪುರಕ್ಕೆ ಸಾಲದ ಕಾಟ ಆಗಲೂ ತಪ್ಪಲಿಲ್ಲ. 1802ರ ಡಿಸೆಂಬರ 31ರಂದು ವಸಯಿಯಲ್ಲಿ ಬಾಜೀರಾವ್ ಇಂಗ್ಲೀಷರ ದಂಡಿನ ಖರ್ಚಿಗೆಂದು ಬರೆದುಕೊಟ್ಟ ಪರಗಣೆಗಳ ಯಾದಿಯಲ್ಲಿ ಸವಣೂರೂ ಬಂಕಾಪುರವೂ ಇದ್ದವು. ಮರುವರ್ಷ ಬುಂದೇಲಖಂಡ ಕೊಟ್ಟು ಅವನ್ನು ಬಿಡಿಸಿಕೊಂಡ. 1818ರಲ್ಲಿ ಪೇಶ್ವಾಯಿಯೇ ಮುಳುಗಿತು, ಬಂಕಾಪುರ ಇಂಗ್ಲೀಷರ ಧಾರವಾಡ ಜಿಲ್ಲೆಗೆ ಸೇರಿತು. ಸವಣೂರ ನವಾಬರು ಮಾತ್ರ ಆ ಇಪ್ಪತ್ತೈದು ಹಳ್ಳಿಗಳ ಮೇಲೆ ಉಳಿದರು. ವೀಳ್ಯದೆಲೆ ಬೆಳೆಯುವ ತೋಟ, ಸುತ್ತ ಒಂದಿಷ್ಟು ಹೊಲ, ಒಂದು ಸಣ್ಣ ದರಬಾರು. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನ ಆಗುವ ತನಕ ಆ ಹಳ್ಳಿಗಳನ್ನು ಯಾರೂ ಗಿರವಿ ಹಿಡಿಯಲಿಲ್ಲ.